ನೂರ ಮೂವತ್ತು ದಿನ, ನೂರೈವತ್ತು ಪದ

ಜುಲೈ 2, ಬುಧವಾರ. ನಲವತ್ತನಾಲ್ಕನೇ ದಿನ

ಮಧ್ಯಾಹ್ನ ಎರಡೂವರೆ. ಬೆಳಿಗ್ಗೆ ನಲ್ಲಿಯಲ್ಲಿ ನೀರು ಬಂತು, ಹಿಡಿದಿಟ್ಟೆ. ಮಗಳು ಅಮ್ರೀನ್ ಸ್ಕೂಲಿಗೆ ಹೋದಳು. ಹನ್ನೊಂದು ಗಂಟೆಗೆ ಬಾಶೆಟ್ಟಿಹಳ್ಳಿಯಲ್ಲಿ ನಮ್ಮ ಯಜಮಾನರು ಅಲ್ತಾಫ್ ಕೆಲಸಕ್ಕಿದ್ದ ಫ್ಯಾಕ್ಟರಿಯಿಂದ ಇಬ್ಬರು ಬಂದರು. ದೇವೇಂದ್ರ ಅಂತ ಕ್ವಾಲಿಟಿ ವಿಭಾಗದ ಸಾಹೇಬರು, ಜೊತೆಗೆ ಟ್ರೈನಿಂಗ್ ನೋಡಿಕೊಳ್ಳುವ ಸಿಂಚನ ಎಂಬ ಹುಡುಗಿ. ನಾನು ಹೊರಗಿನ ಗಂಡಸರ ಎದುರು ಬರುವಂತಿಲ್ಲವಾದ್ದರಿಂದ ಅತ್ತೆ (ನಾನು ಅಮ್ಮಿ ಅನ್ನುತ್ತೇನೆ) ಸಾಹೇಬರನ್ನು ಜಗಲಿಯ ಮೇಲೆ ಕುರ್ಚಿ ಹಾಕಿ ಕೂರಿಸಿದರು. ಹುಡುಗಿ ಒಳಗೆ ಬಂದಳು. ಅವರು ಆಚೆಯಿಂದ ಹೇಳುವುದು, ಇವಳು ಕದದ ಹತ್ತಿರ ನಿಂತು ಅದನ್ನೇ ನನಗೆ ಇನ್ನೊಂದು ಸಲ ಹೇಳುವುದು. ಎಲ್ಲ ನನಗೂ ಕೇಳಿಸುತ್ತಿತ್ತು, ಆದರೂ ಹೇಳಿದಳು.

ಇದ್ದತ್ ಅಂದರೇನು ಅಂತ ಕೇಳಿದಳು. ಗಂಡ ತೀರಿಕೊಂಡ ಮೇಲೆ ನಾಲ್ಕು ತಿಂಗಳು ಹತ್ತು ದಿನ ಹೆಂಗಸು ಮನೆಯಲ್ಲೇ ಇರುವುದು, ಬಣ್ಣದ ಬಟ್ಟೆ, ಬಳೆ, ಹೂವು ಇಲ್ಲ ಅಂದೆ. ಅವಳು ತನ್ನ ಬಳೆ ನೋಡಿಕೊಂಡು ಕೈ ಹಿಂದೆ ಕಟ್ಟಿಕೊಂಡಳು.

ವಿಷಯ ಇಷ್ಟು. ಇವರ ಜಾಗದ ಬದಲಿಗೆ ಮನೆಯವರಿಗೆ ಒಂದು ಕೆಲಸ ಕೊಡುತ್ತಾರೆ. ಎರಡು ಕೆಲಸಗಳಿವೆ. ಹೌಸ್‌ಕೀಪಿಂಗ್ ಆದರೆ ಪರೀಕ್ಷೆ ಇಲ್ಲ, ಪೊರಕೆ ಹಿಡಿದರೆ ಆಯಿತು. ಚೆಕ್ಕರ್ ಆದರೆ ಪರೀಕ್ಷೆ ಇದೆ. ಔಷಧಿ ಬಾಟಲಿಯ ಮುಚ್ಚಳಗಳನ್ನು ದೀಪದ ಕೆಳಗೆ ನೋಡಿ, ತಪ್ಪಿರುವುದನ್ನು ತೆಗೆದು, ಏನು ತಪ್ಪು ಅಂತ ಇಂಗ್ಲಿಷಿನಲ್ಲಿ ಬರೆಯಬೇಕು. ಅದಕ್ಕೆ ನೂರೈವತ್ತು ಪದಗಳ ಪಟ್ಟಿ ಇದೆ.

ಹೌಸ್‌ಕೀಪಿಂಗ್ ಸಾಕು ಅಂದೆ. ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷ್ ಒಂದರಲ್ಲೇ ಫೇಲಾದವಳು ನಾನು. ಇಪ್ಪತ್ತೆರಡು ಬಂದಿತ್ತು. ಆ ವರ್ಷವೇ ತ್ಯಾಮಗೊಂಡ್ಲುವಿನಿಂದ ಮದುವೆಯಾಗಿ ಇಲ್ಲಿಗೆ ಬಂದೆ.

ಸಿಂಚನ ಪಟ್ಟಿಯನ್ನು ಚಾಪೆಯ ಮೇಲಿಟ್ಟಳು. ‘ಅಕ್ಕ, ಈಗ್ಲೇ ಏನೂ ಹೇಳ್ಬೇಡಿ. ದಿನಕ್ಕೆ ಐದು ಪದ ನೋಡಿ. ಸೋಮವಾರದಿಂದ ದಿನಾ ಹನ್ನೊಂದು ಗಂಟೆಗೆ ನಾನೇ ಫೋನ್ ಮಾಡ್ತೀನಿ. ಅಲ್ತಾಫ್ ಸರ್ ನಂಗೆ ಮೊದಲ್ನೇ ದಿನ ಮೆಷಿನ್ ಎಲ್ಲಾ ತೋರ್ಸಿದ್ರು.’

ಪಟ್ಟಿ ಇನ್ನೂ ಚಾಪೆಯ ಮೇಲೇ ಇದೆ. ನಾಳೆ ಅಮ್ಮಿಗೆ ಬಿ.ಪಿ. ಮಾತ್ರೆ ತರಿಸಬೇಕು.

ಜುಲೈ 7, ಸೋಮವಾರ. ನಲವತ್ತೊಂಬತ್ತನೇ ದಿನ

ಹನ್ನೆರಡು ಗಂಟೆ. ಫೋನ್ ಈಗ ಇಟ್ಟೆ.

ನಾಲ್ಕು ದಿನ ಪದಗಳ ಅರ್ಥ ಬಾಯಿಪಾಠ ಮಾಡಿದ್ದೆ. ಸ್ಕೂಲಿನಲ್ಲಿ ಮಾಡುತ್ತಿದ್ದ ಹಾಗೆಯೇ. ಕ್ರ್ಯಾಕ್ ಅಂದರೆ ಬಿರುಕು, ಸ್ಟೇನ್ ಅಂದರೆ ಕಲೆ, ಡೆಂಟ್ ಅಂದರೆ ತಗ್ಗು. ಸಿಂಚನ ಅರ್ಥ ಕೇಳಲೇ ಇಲ್ಲ. ವಾಕ್ಯ ಹೇಳಿ ಅಂದಳು. ಇದು ಒಂದು ಬಿರುಕು ಅಂತ ಇಂಗ್ಲಿಷಿನಲ್ಲಿ ಹೇಳಿದೆ.

‘ಎಲ್ಲಿದೆ ಅಕ್ಕ?’

‘ಏನು?’

‘ಬಿರುಕು. ಇದು ಅಂತೀರಲ್ಲ, ಎಲ್ಲಿ?’

ಅವಳು ಒಂದು ನಿಯಮ ಹೇಳಿದಳು. ಮನೆಯಲ್ಲಿ ನೋಡಿದ್ದನ್ನೇ ಹೇಳಬೇಕು. ನೋಡದೇ ಇರುವುದಕ್ಕೆ ಪದ ಹಾಕಬಾರದು. ಅಲ್ಲಿ ಚೆಕ್ಕರ್ ಕೆಲಸವೂ ಅಷ್ಟೇ ಅಂತೆ. ಪದ ಗೊತ್ತಿದೆ ಅಂತ ಬರೆದುಬಿಟ್ಟರೆ ಒಂದು ಲೋಡು ಮಾಲು ವಾಪಸ್ ಬರುತ್ತದೆ.

ಫೋನ್ ಇಟ್ಟ ಮೇಲೆ ಎದ್ದು ಬಿರುಕು ಹುಡುಕಿದೆ. ಫ್ರಿಜ್ಜಿನ ಮೇಲಿನ ಗೋಡೆಯಲ್ಲಿ ಇದೆ, ಸೂರಿನವರೆಗೆ ಹೋಗಿದೆ. ಯಾವಾಗ ಆಯಿತೋ. ಅಮ್ಮಿಯನ್ನು ಕೇಳಿದೆ. ‘ರಂಜಾನ್ ಟೈಮಿಂದ ಇದೆಯಲ್ಲ, ನಿಂಗೆ ಕಂಡಿಲ್ವಾ?’ ಅಂದರು.

(ಅಮ್ಮಿ ನನ್ನ ಹತ್ತಿರ ಮಾತಾಡುವುದು ನಮ್ಮ ಮನೆ ಮಾತಾದ ಉರ್ದುವಿನಲ್ಲೇ. ನನಗೆ ಬರೆಯಲು ಬರುವುದು ಕನ್ನಡ ಮಾತ್ರ, ಅದಕ್ಕೆ ಹೀಗೆ ಬರೆಯುತ್ತಿದ್ದೇನೆ.)

ಜುಲೈ 16, ಬುಧವಾರ. ಐವತ್ತೆಂಟನೇ ದಿನ

ಮಧ್ಯಾಹ್ನ ಮೂರು. ಮಳೆ ಬಂದು ನಿಂತಿದೆ. ಒಗೆದ ಬಟ್ಟೆ ಒಳಗೆ ತಂದು ಕುರ್ಚಿಗಳ ಮೇಲೆ ಹಾಕಿದ್ದೇನೆ.

ಇವತ್ತಿನ ಪದಗಳನ್ನು ಜೋರಾಗಿ ಓದುತ್ತಿದ್ದೆ. ಡ್ಯಾಮೇಜ್, ಲೂಸ್, ಪೀಸ್, ಚೆಕಿಂಗ್, ಡಲ್. ಅಮ್ಮಿ ಸೊಪ್ಪು ಬಿಡಿಸುತ್ತ ಕೂತಿದ್ದರು.

‘ಇದನ್ನ ಕಲಿಯೋಕೆ ಫೋನ್ ಬೇಕಾ? ನಾನೇ ಹೇಳ್ತೀನಿ ಬಾ.’

‘ನಿಮಗೆ ಇಂಗ್ಲಿಷ್ ಬರುತ್ತಾ ಅಮ್ಮೀ?’

‘ಇದು ಇಂಗ್ಲಿಷಾ? ಮಗ್ಗದ ಮನೇಲಿ ಎಲ್ಲಾ ಹಿಂಗೇ ಅಂತಾರೆ.’

ಅಮ್ಮಿ ಇಪ್ಪತ್ತು ವರ್ಷ ಮಗ್ಗದ ಮನೆಯಲ್ಲಿ ದುಡಿದವರು. ಮೊದಲು ಕಂಡಿಕೆಗೆ ನೂಲು ಸುತ್ತುತ್ತಿದ್ದರು, ಆಮೇಲೆ ಸೀರೆ ಚೆಕಿಂಗ್. ಹೆಬ್ಬೆಟ್ಟು ಒತ್ತುವವರು. ಸೊಪ್ಪು ಬದಿಗಿಟ್ಟು ಒಂದೊಂದಕ್ಕೂ ಹೇಳಿದರು. ನೇಯುವವನಿಗೆ ನಿದ್ದೆ ಬಂದರೆ ಬಟ್ಟೆ ಲೂಸ್ ಆಗುತ್ತದೆ. ಎರಡು ಬಾಬಿನ್ನಿನ ಬಣ್ಣ ಬೇರೆಯಾದರೆ ಪಟ್ಟೆ ಡಲ್ ಬರುತ್ತದೆ. ಡ್ಯಾಮೇಜ್ ಸೀರೆ ಅಂತ ಹೇಳಿದರೆ ಸಾಲದು, ಎಲ್ಲಿ ಅಂತ ಸುಣ್ಣದಕಡ್ಡಿಯಲ್ಲಿ ಗುರುತು ಹಾಕಬೇಕು.

ನಾಳೆಯ ಐದು ಪದಗಳನ್ನೂ ಓದು ಅಂದರು. ಅದರಲ್ಲಿ ಮೂರು ಅವರಿಗೆ ಗೊತ್ತಿತ್ತು. ಉಳಿದ ಎರಡು ಕೇಳಿ, ‘ಇವೆಲ್ಲ ಆಫೀಸ್ನೋರು ಮಾಡ್ಕೊಂಡಿರೋದು’ ಅಂದರು.

ಜುಲೈ 18, ಶುಕ್ರವಾರ. ಅರವತ್ತು

ಇವತ್ತಿನ ಒಂದು ಪದ ಮಿಸ್ಸಿಂಗ್. ಬಾಕ್ಸಿನಲ್ಲಿ ನೂರು ಇರಬೇಕು, ತೊಂಬತ್ತೊಂಬತ್ತಿದ್ದರೆ ಹಾಗೆ ಬರೆಯಬೇಕು. ಮನೆಯಲ್ಲಿ ನೋಡಿದ್ದನ್ನೇ ಹೇಳಬೇಕು ಅಂತ ನಿಯಮ.

ಫೋನ್ ಎರಡು ಸಲ ಬಂತು. ತೆಗೆಯಲಿಲ್ಲ.

ಜುಲೈ 28, ಸೋಮವಾರ. ಎಪ್ಪತ್ತನೇ ದಿನ

ಸಂಜೆ ನಾಲ್ಕೂವರೆ. ಇವತ್ತು ಸಿಂಚನ ಊರಿಗೆ ಹೋಗುವ ದಾರಿಯಲ್ಲಿ ಬಂದು ಒಂದು ಕವರಿನಲ್ಲಿ ಅರವತ್ತು ಮುಚ್ಚಳ ಕೊಟ್ಟು ಹೋದಳು. ಅವಳದು ಬೂದಿಗೆರೆ. ಚೆನ್ನಾಗಿರುವುದು ಒಂದು ಕಡೆ, ತಪ್ಪಿರುವುದು ಒಂದು ಕಡೆ ಮಾಡಿ ಹೆಸರು ಬರೆದಿಡಿ ಅಂದಳು.

ಬಾಗಿಲ ಬೆಳಕಿಗೆ ತಟ್ಟೆ ಇಟ್ಟುಕೊಂಡು ಕೂತೆ. ಕಪ್ಪು ಚುಕ್ಕೆ ಬೇಗ ಕಾಣುತ್ತದೆ. ಅಂಚು ಅರ್ಧಕ್ಕೇ ನಿಂತಿದ್ದರೆ ಅದಕ್ಕೆ ಶಾರ್ಟ್ ಅನ್ನಬೇಕು. ಅಂಚಿನಲ್ಲಿ ಪ್ಲಾಸ್ಟಿಕ್ ತೆಳ್ಳಗೆ ಆಚೆ ಬಂದಿದ್ದರೆ ಫ್ಲ್ಯಾಶ್. ಇದು ನನ್ನ ಕಣ್ಣಿಗೆ ಸಿಗುತ್ತಲೇ ಇರಲಿಲ್ಲ. ಹತ್ತು ತಪ್ಪು ತೆಗೆದು ಮುಗಿಯಿತು ಅಂದುಕೊಂಡೆ.

ಅಮ್ಮಿ ಬಂದು ಚೆನ್ನಾಗಿರುವ ಗುಂಪಿಗೆ ಕೈ ಹಾಕಿದರು. ಕಣ್ಣು ಬೇರೆ ಕಡೆ ಇತ್ತು. ಒಂದೊಂದು ಮುಚ್ಚಳದ ಅಂಚಿಗೂ ಹೆಬ್ಬೆರಳಿನ ಉಗುರು ಓಡಿಸಿದರು, ನಾಲ್ಕನ್ನು ಎತ್ತಿ ಎಸೆದರು. ‘ಜರಿ ಎಳೆ ಎದ್ದಿದೆಯಾ ಅಂತ ಹಿಂಗೇ ನೋಡೋದು. ಕಣ್ಣು ಮೋಸ ಮಾಡ್ತದೆ, ಉಗುರು ಮಾಡಲ್ಲ.’ ನಾಲ್ಕಕ್ಕೂ ಫ್ಲ್ಯಾಶ್ ಇತ್ತು.

ನಾನು ಅವಕ್ಕೆ ಹೆಸರು ಬರೆದೆ. ಗೋಡೆಯ ಆಚೆಯಿಂದ ಪಕ್ಕದ ಮನೆಯ ಲಕ್ಷ್ಮೀದೇವಮ್ಮ ನೋಡುತ್ತಿದ್ದರು.

‘ಏನವ್ವಾ ನಿಶತ್ತು, ಅತ್ತೆ ಸೊಸೆ ಕುಂತ್ಕಂಡು ಗೋಲಿ ಆಡ್ತಿದೀರಾ?’

‘ಇಂಗ್ಲಿಷ್ ಕಲೀತಿದೀವಿ ಲಕ್ಷ್ಮೀದೇವಮ್ಮ,’ ಅಂದರು ಅಮ್ಮಿ.

‘ಇಬ್ರೂವೇ? ಹಂಗಾದ್ರೆ ನಮ್ಮ ಮನೆಯೋರ್ನೂ ಕಳಿಸ್ತೀನಿ. ಅವರಿಗೆ ಕನ್ನಡದಲ್ಲಿ ಹೇಳಿದ್ರೆ ತಿಳೀತಿಲ್ಲ.’

ಅಮ್ರೀನ್ ಒಳಗಿನಿಂದ ನಕ್ಕಳು. ಅವಳ ನಗು ಕೇಳಿ ಎಷ್ಟು ದಿನವಾಯಿತೋ. ಆಮೇಲೆ ನನಗೆ ಬೇಜಾರಾಯಿತು. ಎಪ್ಪತ್ತನೇ ದಿನಕ್ಕೇ ಈ ಮನೆಯಲ್ಲಿ ನಗುತ್ತಿದ್ದೇವೆ.

ನಾಳೆ ಅಮ್ರೀನ್‌ಗೆ ವಿಜ್ಞಾನದ ಟೆಸ್ಟ್ ಇದೆ.

ಆಗಸ್ಟ್ 9, ಶನಿವಾರ. ಎಂಬತ್ತೆರಡನೇ ದಿನ

ಹನ್ನೆರಡೂವರೆ. ತೊಂಬತ್ತು ಪದ ಮುಗಿದವು.

ಇವತ್ತಿನ ಐದರಲ್ಲಿ ಹೋಲ್ಡ್ ಎಂಬ ಪದ ಇದೆ. ಅಲ್ಲಿ ಮೂರು ಮೇಜು ಇರುತ್ತವಂತೆ. ಒಂದು ಪಾಸ್, ಒಂದು ರಿಜೆಕ್ಟ್, ಮಧ್ಯದಲ್ಲಿ ಹೋಲ್ಡ್. ಚೆನ್ನಾಗಿದೆ ಅಂತಲೂ ಇಲ್ಲ, ಕೆಟ್ಟಿದೆ ಅಂತಲೂ ಇಲ್ಲ, ಸುಮ್ಮನೆ ಇಟ್ಟಿರುವುದು. ಯಾರೂ ಅದನ್ನು ಮುಟ್ಟುವುದಿಲ್ಲ. ಈ ಪದ ನನಗೆ ಹಿಡಿಸಿತು. ಸಿಂಚನಳಿಗೆ ಹೇಳಿದೆ.

‘ಹಂಗೇನಿಲ್ಲ ಅಕ್ಕ. ಹೋಲ್ಡಲ್ಲಿ ಜಾಸ್ತಿ ದಿನ ಇಡಂಗಿಲ್ಲ. ಮೂರು ದಿನದೊಳಗೆ ಯಾವ ಕಡೆ ಅಂತ ಹೇಳ್ಬೇಕು. ಇಲ್ಲಾಂದ್ರೆ ದೇವೇಂದ್ರ ಸರ್ ಬಂದು ಬೈತಾರೆ.’

ಅವಳ ವಾಕ್ಯ ಬರೆದುಕೊಂಡೆ. ನನ್ನ ವಾಕ್ಯ ಇನ್ನೂ ಬರೆದಿಲ್ಲ.

ಅಡುಗೆಮನೆ ಕಪಾಟಿನ ಹಿಡಿ ಲೂಸ್ ಆಗಿದೆ ಅಂತ ಹಿಂದಿನ ವಾರ ವಾಕ್ಯ ಮಾಡಿದ್ದೆ. ಇವತ್ತು ಅದೇ ವಾಕ್ಯ ಹೇಳಲು ಹೋದರೆ ಸಿಂಚನ, ಹಳೇದು ಬೇಡ ಅಂದಳು. ಹಾಗಾಗಿ ಇವರ ಸ್ಕ್ರೂಡ್ರೈವರ್ ತೆಗೆದು ಅದನ್ನು ಬಿಗಿ ಮಾಡಿ, ಬೇರೆ ಲೂಸ್ ಹುಡುಕಿದೆ.

ಆಗಸ್ಟ್ 20, ಬುಧವಾರ. ತೊಂಬತ್ಮೂರನೇ ದಿನ

ಮಧ್ಯಾಹ್ನ ಎರಡು. ಪರೀಕ್ಷೆ ಯಾವಾಗ ಅಂತ ಗೊತ್ತಾಯಿತು. ಸೆಪ್ಟೆಂಬರ್ ಹದಿನೈದು, ಸೋಮವಾರ. ಮುಂದಿನ ಬ್ಯಾಚು ಆರು ತಿಂಗಳ ನಂತರ.

ನನ್ನ ಇದ್ದತ್ ಮುಗಿಯುವುದು ಸೆಪ್ಟೆಂಬರ್ ಇಪ್ಪತ್ತಾರಕ್ಕೆ. ಹಾಗಾಗಿ ಆಗುವುದಿಲ್ಲ ಅಂದೆ. ‘ಹನ್ನೊಂದು ದಿನ ತಾನೇ ಅಕ್ಕ, ಮನೇಲಿ ಕೇಳಿ ನೋಡ್ತೀರಾ?’ ಅಂದಳು. ಕೇಳುವುದು ಏನಿದೆ, ನಮ್ಮಲ್ಲಿ ಹಾಗೇ ಅಂದೆ. ಹೌಸ್‌ಕೀಪಿಂಗ್ ಯಾವಾಗ ಬೇಕಾದರೂ ಸೇರಬಹುದಲ್ಲ ಅಂತ ಕೇಳಿದೆ. ಹೂಂ ಅಂದಳು.

ಫೋನ್ ಇಟ್ಟ ಮೇಲೆ ಮೈ ಹಗುರವಾಯಿತು. ಬಿಸಿ ಅನ್ನ ಎರಡು ಸಲ ಹಾಕಿಸಿಕೊಂಡು ತಿಂದೆ.

ಆಗಸ್ಟ್ 25, ಸೋಮವಾರ. ತೊಂಬತ್ತೆಂಟನೇ ದಿನ

ಪರೀಕ್ಷೆ ಯಾವತ್ತು ಅಂತ ಅಮ್ಮಿ ಕೇಳಿದರು. ಇನ್ನೂ ಹೇಳಿಲ್ಲ ಅಂದೆ.

ಸುಳ್ಳು ಹೇಳಿದ ಮೇಲೆ ಪದ ಓದಲು ಕೂತೆ. ಪರೀಕ್ಷೆಯೇ ಇಲ್ಲದ ಮೇಲೆ ಯಾಕೆ ಓದುತ್ತೇನೋ ಗೊತ್ತಿಲ್ಲ. ನೂರ ಇಪ್ಪತ್ತು ಆಯಿತು.

ಸೆಪ್ಟೆಂಬರ್ 1, ಸೋಮವಾರ. ನೂರ ಐದನೇ ದಿನ

ಸಂಜೆ ಐದು. ಅಮ್ಮಿ ಮನೆಯಲ್ಲಿಲ್ಲ. ಬುರ್ಖಾ ಹಾಕಿಕೊಂಡು ಹೊರಗೆ ಹೋದರು. ಎಲ್ಲಿಗೆ ಅಂತ ಹೇಳಲಿಲ್ಲ.

ಮಧ್ಯಾಹ್ನ ಸಿಂಚನ ಮುಚ್ಚಳದ ಕವರು ವಾಪಸ್ ಒಯ್ಯಲು ಬಂದಿದ್ದಳು. ಚಾ ಕುಡಿಯುತ್ತ, ‘ಅಜ್ಜಿ, ನೀವಾದ್ರೂ ಹೇಳಿ ಅಕ್ಕಂಗೆ. ಇಷ್ಟು ಕಲ್ತು ಪೊರಕೆ ಹಿಡೀತೀನಿ ಅಂತಾರೆ’ ಅಂದುಬಿಟ್ಟಳು. ಹದಿನೈದನೇ ತಾರೀಕಿನ ವಿಷಯ ಎಲ್ಲ ಹೊರಗೆ ಬಂತು. ಅವಳು ಹೋದ ಮೇಲೆ ಅಮ್ಮಿ ಕೇಳಿದರು.

‘ನನ್ನಿಂದ ಯಾಕೆ ಮುಚ್ಚಿಟ್ಟೆ?’

‘ಇದ್ದತ್ ಅಮ್ಮೀ. ಹೆಂಗೆ ಹೋಗಲಿ?’

‘ಕೇಳಿದ್ಯಾ ಯಾರನ್ನಾದ್ರೂ?’

‘ಕೇಳೋದೇನು, ಎಲ್ರಿಗೂ ಗೊತ್ತಿರೋದೇ.’

‘ಎಲ್ರು ಅಂದ್ರೆ ಯಾರು? ಹೆಸರು ಹೇಳು.’

ನನಗೆ ಸಿಟ್ಟು ಬಂತು. ಈ ಮನೆಗೆ ಬಂದು ಹದಿನಾರು ವರ್ಷದಲ್ಲಿ ಅಮ್ಮಿಯ ಮುಂದೆ ಜೋರಾಗಿ ಮಾತಾಡಿದವಳಲ್ಲ. ನಿಮ್ಮ ಮಗನಿಗೆ ನಾನು ಮಾಡಬೇಕಾಗಿರುವುದು ಇದೊಂದೇ ಉಳಿದಿದೆ, ಅದನ್ನು ಪೂರ್ತಿ ಮಾಡಲು ಬಿಡಿ ಅಂದೆ. ಅದಕ್ಕೆ ಅಮ್ಮಿ ಒಂದೇ ಮಾತು ಕೇಳಿದರು.

‘ಅವನಿಗೋಸ್ಕರ ಕೂತಿದ್ದೀಯೋ, ಆಚೆ ಹೋಗೋಕೆ ಹೆದರ್ಕೊಂಡು ಕೂತಿದ್ದೀಯೋ?’

ಅಷ್ಟು ಕೇಳಿ ಎದ್ದು ಹೋದರು. ಇನ್ನೂ ಬಂದಿಲ್ಲ. ನಾಳೆ ಮುಖ ಹೇಗೆ ನೋಡಲಿ.

ಸೆಪ್ಟೆಂಬರ್ 2, ಮಂಗಳವಾರ. ನೂರ ಆರನೇ ದಿನ

ಬೆಳಿಗ್ಗೆ ಹತ್ತು. ನೆನ್ನೆ ಅಮ್ಮಿ ಹೋಗಿದ್ದು ಮಸೀದಿಯಲ್ಲಿ ನಮಾಜು ಮಾಡಿಸುವ ಹಜರತ್ ಅವರ ಮನೆಗೆ. ಬಂದವರೇ ಸಂಜೆಯ ಮಗ್ರಿಬ್ ನಮಾಜಿಗೆ ಕೂತರು, ಅದು ಮುಗಿದ ಮೇಲೂ ಜಾನಮಾಜಿನ ಚಾಪೆಯ ಮೇಲೆಯೇ ಕೂತಿದ್ದರು. ನನ್ನ ಮೇಲಿನ ಕೋಪ ಅಂದುಕೊಂಡು ಹತ್ತಿರ ಹೋಗಲಿಲ್ಲ. ಇವತ್ತು ಅಮ್ರೀನ್ ಸ್ಕೂಲಿಗೆ ಹೋದ ಮೇಲೆ ಕರೆದು ಕೂರಿಸಿಕೊಂಡರು.

ಮನೆಯಲ್ಲಿ ದುಡಿಯುವವರು ಬೇರೆ ಯಾರೂ ಇಲ್ಲದಿದ್ದರೆ ಹೆಂಗಸು ಇದ್ದತ್‌ನಲ್ಲೂ ಹೊಟ್ಟೆಪಾಡಿನ ಕೆಲಸಕ್ಕೆ ಹಗಲು ಹೋಗಬಹುದು, ಕತ್ತಲಾಗುವುದರೊಳಗೆ ತನ್ನ ಮನೆಗೆ ಬಂದಿರಬೇಕು. ಹಜರತ್ ಹೇಳಿದ್ದು ಇಷ್ಟು. ಇದನ್ನು ಕೇಳಲು ಇಷ್ಟು ದಿನ ಯಾಕೆ ತಗೊಂಡಿರಿ ಅಂತಲೂ ಅಂದರಂತೆ.

‘ನಾನು ಮೂವತ್ತೊಂದು ವರ್ಷ ತಗೊಂಡೆ ಬೇಟಿ,’ ಅಂದರು ಅಮ್ಮಿ.

ಮಾವ ತೀರಿಕೊಂಡಾಗ ಅಲ್ತಾಫ್‌ಗೆ ಆರು ವರ್ಷ. ಅದು ನನಗೆ ಗೊತ್ತಿತ್ತು. ಗೊತ್ತಿಲ್ಲದೇ ಇದ್ದದ್ದು ಹದಿನೇಳನೇ ದಿನಕ್ಕೇ ಅಮ್ಮಿ ಮಗ್ಗದ ಮನೆಗೆ ಹೋದರು ಅನ್ನುವುದು. ಮನೆಯಲ್ಲಿ ಹಿಟ್ಟಿರಲಿಲ್ಲ. ಹಿಂದಿನ ಗಲ್ಲಿಯಿಂದ ಹೋಗಿ ನೂಲು ಸುತ್ತಿ ಹಿಂದಿನ ಗಲ್ಲಿಯಿಂದಲೇ ಬರುತ್ತಿದ್ದರು. ಯಾರನ್ನೂ ಕೇಳಲಿಲ್ಲ, ಬೇಡ ಅಂದರೆ ಏನು ಮಾಡುವುದು ಅಂತ. ಗಂಡನಿಗೆ ಅನ್ಯಾಯ ಮಾಡಿದೆ ಅಂತ ಮೂವತ್ತೊಂದು ವರ್ಷ ಪ್ರತಿ ಶುಕ್ರವಾರ ಮಾಫಿ ಕೇಳುತ್ತಿದ್ದರಂತೆ. ನನ್ನ ಇದ್ದತ್ ಆದರೂ ಪೂರ್ತಿ ಆಗಲಿ ಅಂತ ಮೊದಲ ದಿನದಿಂದ ಅಂಗಡಿ, ರೇಷನ್ನು, ಕರೆಂಟ್ ಬಿಲ್ಲು ಎಲ್ಲ ತಾವೇ ಓಡಾಡಿದರು. ನಾನು ಅದನ್ನು ಗಮನಿಸಿರಲಿಲ್ಲ.

‘ನಿನ್ನ ವಿಷಯ ಕೇಳೋಕೆ ಹೋದೆ,’ ಅಂದರು. ಸೆರಗಿನಿಂದ ಮುಖ ಒರೆಸಿಕೊಂಡು, ಇವತ್ತಿನ ಐದು ಯಾವುದು, ಓದು ಅಂದರು.

ನಾನು ಓದಿದೆ. ಹನ್ನೊಂದಕ್ಕೆ ಸಿಂಚನಳಿಗೆ ನಾನೇ ಫೋನ್ ಮಾಡುತ್ತೇನೆ.

ಸೆಪ್ಟೆಂಬರ್ 10, ಬುಧವಾರ

ಮಧ್ಯಾಹ್ನ ಒಂದು ಗಂಟೆ. ನೂರೈವತ್ತೂ ಮುಗಿದವು. ಈಗ ಹಿಂದಿನಿಂದ ಮುಂದಕ್ಕೆ ಓದುತ್ತಿದ್ದೇನೆ. ಅಮ್ರೀನ್ ಚೀಟಿ ಮಾಡಿ ಡಬ್ಬಿಯಲ್ಲಿ ಹಾಕಿದ್ದಾಳೆ. ಯಾವುದು ಬಂದರೂ ವಾಕ್ಯ ಹೇಳಬೇಕು. ತಪ್ಪಾದರೆ ‘ರಿಜೆಕ್ಟ್’ ಅಂತ ಕೂಗುತ್ತಾಳೆ. ಅಜ್ಜಿಗೆ ಮಾತ್ರ ಎಲ್ಲಕ್ಕೂ ಪಾಸ್ ಕೊಡುತ್ತಾಳೆ.

ಮನೆಯಲ್ಲಿ ಹೇಳಲು ತಪ್ಪುಗಳು ಉಳಿದಿಲ್ಲ. ನಲ್ಲಿ ಸೋರುತ್ತಿತ್ತು, ವಾಷರ್ ಹಾಕಿಸಿದೆ. ಗೋಡೆಯ ಬಿರುಕಿಗೆ ಸಿಮೆಂಟು ಬಳಿದೆ. ಕಿಟಕಿಯ ಕಲೆ ಒರೆಸಿದೆ. ಆದ್ದರಿಂದ ಬೀದಿ ನೋಡಿ ವಾಕ್ಯ ಮಾಡುತ್ತಿದ್ದೇನೆ.

ಸೆಪ್ಟೆಂಬರ್ 15, ಸೋಮವಾರ

ಸಂಜೆ ನಾಲ್ಕೂಮುಕ್ಕಾಲು. ಹೋಗಿ ಬಂದೆ.

ಅಮ್ಮಿ ಬಸ್ ನಿಲ್ದಾಣದವರೆಗೆ ಬಂದರು. ಹಿಂದಿನ ಗಲ್ಲಿ ಹತ್ತಿರ ಅಂದೆ. ‘ನಕ್ಕೋ, ಬೇಡ. ರಸ್ತೇಲೇ ಹೋಗೋಣ’ ಅಂದರು. ದೊಡ್ಡ ರಸ್ತೆಯಲ್ಲಿ ನಡೆದೆವು. ಬಿಸಿಲಿಗೆ ನನ್ನ ಕಣ್ಣು ಚುಚ್ಚಿತು.

ಫ್ಯಾಕ್ಟರಿಯಲ್ಲಿ ಕ್ವಾಲಿಟಿ ರೂಮಿಗೆ ಹೋಗಲು ಮೆಷಿನ್‌ಗಳ ಸಾಲು ದಾಟಬೇಕು. ಏಳನೇ ನಂಬರು ಅಲ್ತಾಫ್ ನಡೆಸುತ್ತಿದ್ದದ್ದು. ಬೇರೆ ಯಾರೋ ನಿಂತಿದ್ದರು. ಆವತ್ತು ಇವರು ಎದೆ ಹಿಡಿದುಕೊಂಡು ಕೂತದ್ದು ಅಲ್ಲಿಯೇ. ಆ ಜಾಗದಲ್ಲಿ ಹಳದಿ ಪಟ್ಟೆ ಎಳೆದ ಬರೀ ನೆಲ ಇತ್ತು. ಕಾಲು ನಿಂತಿತು. ಸಿಂಚನ ಪಕ್ಕದಲ್ಲಿ ನಿಂತಳು. ಮೆಷಿನ್ ಬಾಯಿ ತೆರೆದು ಹದಿನಾರು ಮುಚ್ಚಳ ಉದುರಿಸಿತು, ಮುಚ್ಚಿತು, ಇನ್ನೂ ಹದಿನಾರು ಉದುರಿಸಿತು. ಹದಿನಾಲ್ಕು ವರ್ಷ ಈ ಸದ್ದಿನಿಂದ ಮನೆಗೆ ಬಂದು ಊಟಕ್ಕೆ ಕೂರುತ್ತಿದ್ದರು. ಅದಕ್ಕೇ ಅಷ್ಟು ಜೋರಾಗಿ ಮಾತಾಡುತ್ತಿದ್ದರೇನೋ. ನಾನು ಬೈಯುತ್ತಿದ್ದೆ.

ಆರು ಜನ ಪರೀಕ್ಷೆಗೆ ಬಂದಿದ್ದರು, ನನ್ನನ್ನು ಬಿಟ್ಟು ಐವರೂ ಪಿಯುಸಿ ಓದಿದ ಹುಡುಗಿಯರು. ದೇವೇಂದ್ರ ಸಾಹೇಬರು ತಲಾ ನೂರು ಮುಚ್ಚಳದ ತಟ್ಟೆ ಇಟ್ಟರು. ಒಂದು ಗಂಟೆ ಟೈಮು. ತಪ್ಪುಗಳನ್ನು ತೆಗೆದು ಹಾಳೆಯಲ್ಲಿ ಬರೆದೆ. ಪದಗಳು ಒಂದೊಂದಾಗಿ ಬಂದವು. ಲೆಕ್ಕ ಹಾಕಿದರೆ ತಟ್ಟೆಯಲ್ಲಿ ತೊಂಬತ್ತೊಂಬತ್ತೇ ಇತ್ತು. ಮೇಜಿನ ಕೆಳಗೆ ನೋಡಿದೆ, ಬಿದ್ದಿರಲಿಲ್ಲ. ಇನ್ನೊಂದು ಸಲ ಎಣಿಸಿದೆ. ಹಾಳೆಯ ಕೊನೆಯಲ್ಲಿ ಒಂದು ಮಿಸ್ಸಿಂಗ್ ಅಂತ ಇಂಗ್ಲಿಷಿನಲ್ಲಿ ಪೂರ್ತಿ ವಾಕ್ಯ ಬರೆದೆ. ಬರೆದು ಹಾಳೆ ಕೊಟ್ಟೆ.

ಸಾಹೇಬರು ಓದಿದರು. ‘ಸ್ಪೆಲ್ಲಿಂಗ್ ತುಂಬಾ ತಪ್ಪಿದೆ ಅಮ್ಮ,’ ಅಂದರು. ಹೂಂ ಸಾರ್ ಅಂದೆ. ‘ಆದ್ರೆ ಏನು ನೋಡಿದ್ರಿ ಅಂತ ನಂಗೆ ಗೊತ್ತಾಗ್ತಿದೆ. ಆ ಒಂದನ್ನ ನಾವೇ ತೆಗೆದಿಟ್ಟಿದ್ವಿ. ಎಲ್ರಿಗೂ ತೊಂಬತ್ತೊಂಬತ್ತೇ ಕೊಟ್ಟಿದ್ದು. ಎಣಿಸಿದೋರು ನೀವೂ ಇನ್ನೊಬ್ಬರೂ ಅಷ್ಟೇ.’

ಇಪ್ಪತ್ತೆರಡಕ್ಕೆ ಬನ್ನಿ ಅಂದರು. ಚೆಕ್ಕರ್.

ಬಿಸಿಲಿರುವಾಗಲೇ ಮನೆಗೆ ಬಂದೆ. ನಾಳೆ ಎರಡು ಫೋಟೋ, ಆಧಾರ್ ಜೆರಾಕ್ಸು ಮಾಡಿಸಬೇಕು.

ಸೆಪ್ಟೆಂಬರ್ 22, ಸೋಮವಾರ

ಮೊದಲ ದಿನ. ಕಾಲು ನೋವು. ಹೊಸ ಪದಗಳು ಹದಿಮೂರು, ಪಟ್ಟಿಯಲ್ಲಿ ಇಲ್ಲದವು. ಬಸ್ಸಿನಲ್ಲಿ ಅಂಗೈ ಮೇಲೆ ಬರೆದುಕೊಂಡು ಬಂದೆ.

ಸೆಪ್ಟೆಂಬರ್ 26, ಶುಕ್ರವಾರ

ರಾತ್ರಿ ಎಂಟೂವರೆ. ಇವತ್ತು ಒಂದು ಲಾಟು ಪೂರ್ತಿ ನಾನು ಹೋಲ್ಡ್ ಹಾಕಿದೆ. ಬಣ್ಣದಲ್ಲಿ ಸ್ವಲ್ಪ ವ್ಯತ್ಯಾಸ ಇತ್ತು. ಸಾಹೇಬರು ಬಂದು ನೋಡಿ, ಸರಿ ಅಂದರು. ಪಕ್ಕದ ಮೇಜಿನವಳು ಊಟಕ್ಕೆ ಚಿತ್ರಾನ್ನ ಕೊಟ್ಟಳು. ಶೇಡ್, ಬ್ಯಾಚ್, ಅಪ್ರೂವ್ ಅಂತ ಮೂರು ಹೊಸ ಪದ.

ಮನೆಗೆ ಬಂದರೆ ಬಾಗಿಲಲ್ಲಿ ಚಪ್ಪಲಿಗಳು ತುಂಬಿದ್ದವು. ತ್ಯಾಮಗೊಂಡ್ಲುವಿನಿಂದ ನಮ್ಮ ಅಮ್ಮ, ಚಿಕ್ಕಮ್ಮ ಬಂದು ಕೂತಿದ್ದರು. ಒಂದು ತಟ್ಟೆಯಲ್ಲಿ ಹಸಿರು ಸೀರೆ, ಗಾಜಿನ ಬಳೆ, ಹೂವು. ಇವತ್ತು ಯಾರ ಮನೆಯಲ್ಲಿ ಏನಿದೆ, ಎಲ್ಲಿಗೆ ಹೊರಟಿದ್ದೀರಿ ಅಂತ ಕೇಳಿದೆ.

ಅಮ್ಮಿ ನನ್ನ ಕೈಯಿಂದ ಬ್ಯಾಗು ಇಸಿದುಕೊಂಡರು.

‘ಅಮ್ಮಾ, ಇವತ್ತು ಮುಗೀತು,’ ಅಂದಳು ಅಮ್ರೀನ್. ‘ನೂರ ಮೂವತ್ತು.’

ಚಿಕ್ಕಮ್ಮ ಬಳೆ ತೊಡಿಸಿದರು. ಒಂದು ಒಡೆಯಿತು. ಅಲ್ತಾಫ್ ಇದ್ದಿದ್ದರೆ ನನ್ನ ಕೈ ದಪ್ಪವಾಗಿದೆ ಅನ್ನುತ್ತಿದ್ದರು ಅಂದೆ, ಅಮ್ಮ ಅತ್ತರು. ಅವರೆಲ್ಲ ಊಟ ಮಾಡಿ ಈಗ ಹೊರಟರು. ಕೆಲಸದ ಮೇಜಿನ ಹತ್ತಿರ ಬಳೆ ಹಾಕುವಂತಿಲ್ಲ, ತೆಗೆದು ಕಪಾಟಿನಲ್ಲಿಟ್ಟಿದ್ದೇನೆ.

ನಾಳೆ ಶನಿವಾರ, ಕೆಲಸ ಇದೆ. ಬಸ್ಸು ಏಳೂವರೆಗೆ.